ಬಾಯಿ ಸಿಹಿಯಾಗದ ಮನೆ

ಮಾರ್ಚ್ 3, ಬೆಳಿಗ್ಗೆ 6.30

‘ಕಹಿಯುಂಡವಗೆ ಸವಿಯ ಬೆಲೆ...’ — ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದು? ಸವಿಯೋ, ಸಿಹಿಯೋ? ಎಂ.ಎ. ಪರೀಕ್ಷೆಯಲ್ಲಿ ಬರೆದಿದ್ದೆ: ಸಿಹಿ ನಾಲಗೆಯದು, ಸವಿ ನೆನಪಿನದು, ಇನಿ ದನಿಯದು. ಈಗ ಮೂರೂ ಇಲ್ಲ. ಕಹಿ ಉಂಡು ಎರಡು ವರ್ಷ. ಯಾವ ಬೆಲೆಯೂ ತಿಳಿದಿಲ್ಲ. ಸಾಲೇ ಸುಳ್ಳು.

ಸಕ್ಕರೆ ಹಾಕದ ಕಾಫಿ ಕುಡಿಯುತ್ತಿದ್ದೆ. ಪಕ್ಕದ ಮನೆಯಲ್ಲಿ ಅಳು. ವಸಂತಮ್ಮನ ಅತ್ತೆ ಪಾಪಮ್ಮ ಹೋದರಂತೆ.

ಮಾರ್ಚ್ 4

ನಮ್ಮ ಸಾಲುಮನೆಗಳ ಪದ್ಧತಿ — ಸಾವಾದ ಮನೆಯವರ ಬಾಯಿಗೆ ಹದಿಮೂರನೆಯ ದಿನ ಗೋಡೆಯಾಚೆಯವರು ಸಿಹಿ ಇಡಬೇಕು. ಅಲ್ಲಿಯವರೆಗೆ ಅವರು ಸಿಹಿ ಮುಟ್ಟುವಂತಿಲ್ಲ, ಶುಭಕಾರ್ಯ ಮಾಡುವಂತಿಲ್ಲ. ನಮ್ಮದು ಕೊನೆಯ ಮನೆ. ವಸಂತಮ್ಮನ ಆಚೆಯದಕ್ಕೆ ಬೀಗ. ಅಂದರೆ ಅವಳಿಗೆ ನಾನೇ, ನನಗೆ ಅವಳೇ.

ನನ್ನ ಗಂಡ ದಯಾನಂದ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಾಗ ಅವಳು ಸಿಹಿ ಇಡಲು ಬರಲಿಲ್ಲ. ಕಳಸದ ಪೇಟೆಯಲ್ಲೆಲ್ಲ, “ಸಿಹಿ ತಿನ್ಸಿ ತಿನ್ಸಿ ಕಳಿಸಿದ್ಲು” ಎಂದು ಹೇಳಿಕೊಂಡು ಬಂದಳು. ಅನ್ನವನ್ನೂ ಅಳೆದು ಬಡಿಸಿದವಳು ನಾನು.

ಮಾರ್ಚ್ 15

ಹದಿಮೂರನೆಯ ದಿನ. ಬಾಗಿಲು ತೆರೆದಿಟ್ಟೇ ಕುಳಿತೆ. ಕಾಣಲಿ. ಡಬ್ಬಿಯಲ್ಲಿ ಬೆಲ್ಲ ಇತ್ತು. ಏಳಲಿಲ್ಲ.

ಮಾರ್ಚ್ 22

ಸಾಲಿಗೆಲ್ಲ ಹಿರಿಯರಾದ ಲಕ್ಕಯ್ಯ ಬಂದಿದ್ದರು.

“ವಸಂತಮ್ಮನ ಮಗಳ ನಿಶ್ಚಿತಾರ್ಥ ಗುರುವಾರ, ರೇವತಮ್ಮ. ಬಾಯಿ ಸಿಹಿ ಆಗ್ದಿರೋ ಮನೆಗೆ ಕಾಲಿಡಲ್ಲ ಅಂತಾರೆ ಗಂಡಿನ ಕಡೆಯವ್ರು. ಒಂದ್ ಚೂರು ಬೆಲ್ಲ ಮಾರಾಯ್ರೆ!”

“ಬೆಲ್ಲ ಜನರನ್ನ ಕೊಲ್ಲುತ್ತೆ ಲಕ್ಕಯ್ಯ. ವಸಂತಮ್ಮನವ್ರೇ ಹೇಳಿದ್ದು.”

“ಆ ಹುಡುಗಿ ಧನ್ಯಶ್ರೀ ಏನ್ ಮಾಡಿತ್ತು?”

ಎದ್ದು ಒಳಗೆ ಹೋದೆ. ಅವರು ಹೋದ ಮೇಲೆ ಒಬ್ಬಳೇ ನಕ್ಕೆ... ಸವಿ ಎಂದರೆ ಇದೂ ಹೌದು. ನಿಘಂಟು ಬರೆದವರಿಗೆ ಪಕ್ಕದ ಮನೆ ಇರಲಿಲ್ಲವೇನೋ.

ಮಾರ್ಚ್ 26, ಬೆಳಿಗ್ಗೆ 9

ನಿಶ್ಚಿತಾರ್ಥ ನಾಳೆ. ಈಗಷ್ಟೇ ವಸಂತಮ್ಮ ಬಂದು ಹೋದಳು. ಬೇಡಲು ಬಂದಳು ಎಂದುಕೊಂಡೆ. ಇದಕ್ಕೇ ಎರಡು ವರ್ಷ ಕಾದಿದ್ದೆ. ಒಳಗೆ ಕರೆಯಲಿಲ್ಲ. ಹೇಳಬೇಕಾದ ಮಾತೆಲ್ಲ ನಾಲಗೆಯ ತುದಿಯಲ್ಲಿತ್ತು. ಅವಳು ಹೊಸ್ತಿಲಾಚೆಯೇ ನಿಂತು ಅಂದದ್ದು —

“ಸಿಹಿ ಕೇಳಕ್ಕೆ ಬಂದಿಲ್ಲ ರೇವತಮ್ಮ. ನಿಮ್ಮ ಯಜಮಾನ್ರಿಗೆ ದಿನಾ ಹಿತ್ಲ ಬೇಲಿ ಮೇಲಿಂದ ಸಿಹಿ ಕೊಡ್ತಿದ್ದಿದ್ದು ನಾನೇ. ಅವ್ರೇ ಕೇಳಿ ಇಸ್ಕೊಳ್ತಿದ್ರು... ಅವ್ರು ಹೋದ್ಮೇಲೆ, ಯಾವ ಕೈಯಲ್ಲಿ ನಿಮ್ಮ ಬಾಯಿಗೆ ಸಿಹಿ ಇಡ್ಲಿ ಹೇಳಿ?”