ಅಮ್ಮನ ಕರುಳಿನ ಸಮಾಚಾರ

ಮನೆ, ಕಿಟಕಿ ಪಕ್ಕದ ಮೇಜು
೧೪ ಮಾರ್ಚ್, ಭಾನುವಾರ

ಪ್ರೀತಿಯ ಗುಬ್ಬಿ,

ಕೆಮ್ಮು ಬಿಟ್ಟಿತೇ? ಪರೀಕ್ಷೆ ಮುಗಿದ ಮೇಲಾದರೂ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ. ಪತ್ರದಲ್ಲಿ ಎಲ್ಲರೂ ಬರೆಯುವ ಹಾಗಲ್ಲ, ನಿಜವಾಗಿಯೂ. ಮುಂದಿನದನ್ನು ಕೂತುಕೊಂಡು ಓದು, ಗಾಬರಿಯಾಗಬೇಡ.

ಚಳಿಗಾಲದಲ್ಲಿ ನಾನು ಬಸ್ ಓಡಿಸುವುದನ್ನು ಬಿಟ್ಟದ್ದು ನಿನಗೆ ಹೇಳಿದ ಹಾಗೆ ಬೆನ್ನುನೋವಿಗಲ್ಲ. ಹೊಟ್ಟೆ ನುಲಿಯುತ್ತಿತ್ತು, ರಕ್ತ ಹೋಗುತ್ತಿತ್ತು. ಒಂದು ದಿನ ತುಂಬಿದ ಬಸ್ಸನ್ನು ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿ ಶೌಚಾಲಯಕ್ಕೆ ಓಡಿದೆ. ವಾಪಸ್ ಬಂದಾಗ ಪ್ರಯಾಣಿಕರಲ್ಲಿ ಒಬ್ಬರೂ ಬೈಯಲಿಲ್ಲ; ಅದಕ್ಕೇ ಅಳು ಬಂತು. ವರ್ಷಗಳ ಹಿಂದೆ ಬಂದು ಹೋಗಿದ್ದ ಗರ್ಭಕೋಶದ ಆ ಹಾಳು ಕ್ಯಾನ್ಸರ್ ಮರಳಿತೆಂದೇ ಅಂದುಕೊಂಡಿದ್ದೆ. ತಪಾಸಣೆಗಳೆಲ್ಲ ಆದ ಮೇಲೆ ಡಾಕ್ಟರಮ್ಮ, "ಕ್ಯಾನ್ಸರ್ ಇಲ್ಲಮ್ಮ. ಆಗ ಕೊಟ್ಟ ರೇಡಿಯೇಶನ್ ಪಕ್ಕದ ಕರುಳನ್ನೂ ಸುಟ್ಟಿದೆ. ಆ ಗಾಯ ಇಷ್ಟು ವರ್ಷ ಆದ್ಮೇಲೆ ತಲೆ ಎತ್ತಿದೆ, ಒಂದು ಕಡೆ ಕರುಳು ತೀರಾ ಕಿರಿದಾಗಿದೆ" ಎಂದರು. ನಿಮ್ಮಪ್ಪ, "ಹಾಗಾದ್ರೆ ಒಳ್ಳೇ ಸುದ್ದಿ ತಾನೇ?" ಎಂದು ಅವರ ಕೈ ಕುಲುಕಿಯೇಬಿಟ್ಟರು!

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ಈಗ ಮಲ ಹೊರಬರಲು ಹೊಟ್ಟೆಯ ಮೇಲೆ ಒಂದು ಸಣ್ಣ ಬಾಯಿ, ಅದಕ್ಕೊಂದು ಚೀಲ. ಮೊದಲ ಸಲ ನೋಡಿದ ದಿನ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ನಿಮ್ಮಪ್ಪ ನರ್ಸಿನ ಪಕ್ಕ ನಿಂತು ಚೀಲ ಬದಲಿಸುವುದನ್ನು ಕಲಿತರು. ಆಮೇಲೆ ತಮ್ಮ ಟೈಲರ್ ಅಂಗಡಿಯಿಂದ ಮೆತ್ತನೆಯ ಬಟ್ಟೆ ತಂದು, ಚೀಲ ಜೋತಾಡದ ಹಾಗೆ ಸೊಂಟಪಟ್ಟಿ ಹೊಲಿಯಲು ಕೂತರು. "ಅಳತೆ ತಗೊಳ್ಳೋಕೆ ಬಿಡೇ, ಗಿರಾಕಿ ಅಂದ್ರೆ ಇಷ್ಟು ಬಿಂಕಾನಾ?" ಎಂದಾಗ ನಕ್ಕು ನಕ್ಕು ಹೊಟ್ಟೆಯ ಹೊಲಿಗೆ ನೋಯಿತು.

ಈ ಚೀಲ ಇನ್ನು ಜೀವನವಿಡೀ ಇರುತ್ತದಂತೆ. ಇರಲಿ ಬಿಡು. ಈಗ ಹೊಟ್ಟೆ ನನ್ನನ್ನು ಓಡಿಸುವುದಿಲ್ಲ. ಮೊನ್ನೆ ಮಾರುಕಟ್ಟೆಯ ತನಕ ನಡೆದು ಬಂದೆ. ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಒಮ್ಮೆಯೂ ಹುಡುಕಲಿಲ್ಲ. ಮನೆಗೆ ಬಂದ ಮೇಲೆ ಅದು ಹೊಳೆಯಿತು ನೋಡು!

ಪರೀಕ್ಷೆಯ ನಡುವೆ ನಿನಗೆ ಹೇಳಬಾರದೆಂದು ಇಬ್ಬರೂ ಬಾಯಿ ಬಿಗಿಹಿಡಿದಿದ್ದೆವು. ಮುನಿಸಿಕೊಳ್ಳಬೇಡ ಬಂಗಾರ. ನಿನ್ನ ತಲೆಯ ಮೇಲೆ ನನ್ನ ಕೈ ಸದಾ ಇದೆ, ನಿಮ್ಮಪ್ಪನದೂ.

ನಿನ್ನ
ಅಮ್ಮ

ತಾ.ಕ.: ಡಾಕ್ಟರಮ್ಮ ಒಪ್ಪಿದ್ದಾರೆ, ಡಿಪೋದವರೂ ಒಪ್ಪಿದ್ದಾರೆ. ಬರುವ ತಿಂಗಳಿಂದ ಮತ್ತೆ ಬಸ್ ಓಡಿಸುತ್ತೇನೆ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಇದು ಕೈಗೆ ಸಿಕ್ಕ ಕೂಡಲೇ ಅವರಿಗೆ ಫೋನ್ ಮಾಡು. ನಾನು ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ನೀನು ಹೇಳಿದರೆ ನನ್ನನ್ನು ಡಿಪೋದ ತನಕ ಬಿಟ್ಟು ಬರಲು ತಾವೇ ಹೊರಡುತ್ತಾರೆ.