ಏಳನೆಯ ನಿಯಮದ ಮೇಲೆ ಚೆಲ್ಲಿದ ಚಹಾ

ಫೆಬ್ರವರಿ ೩೦, ೨೨೧೯
ಮಂಗಳವಾರ ಬೆಳಿಗ್ಗೆ

ಚಹಾ ಕುಡಿಯುತ್ತ ನಿಯಮ ಬರೆದ ಮಹನೀಯರಿಗೆ,

ನೀಲಗಂಗಾ ಸೊರಟೂರ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ದಿನಗಳು ಹೆಚ್ಚಿದ್ದ ತಿಂಗಳುಗಳಿಂದ ಒಂದೆರಡು ಕಿತ್ತು ಫೆಬ್ರವರಿಗೆ ಕೊಟ್ಟು ನಮ್ಮಲ್ಲಿ ಬಹಳ ಕಾಲವಾಯಿತು. ನನ್ನ ಬರವಣಿಗೆಯಲ್ಲಿ ನೀವು ಕೇಳದ ಮಾತುಗಳು ಅಲ್ಲಲ್ಲಿ ನುಸುಳಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಹೊಸ ಏರ್ಪಾಡು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ ಎಂದು ತಿಳಿದು ನಮ್ಮ ಮನೆಯವರು ಮೂರು ದಿನ ಮುಖ ಊದಿಸಿಕೊಂಡಿದ್ದರು.

ನಾನು ಈ ಊರಿನ ಕಾಲುದಾರಿ ಮೇಲ್ವಿಚಾರಕಿ. ನೀವು ಫುಟ್‌ಪಾತ್ ಎನ್ನುತ್ತಿದ್ದುದನ್ನು ನಾವು ಕಾಲುದಾರಿ ಎನ್ನುತ್ತೇವೆ. ಅದರ ಮೇಲೆ ಸಾಲಾಗಿ ನಿಲ್ಲುವ ಪತ್ರಿಕೆಯ ಪೆಟ್ಟಿಗೆಗಳಿಗೆ ಸುದ್ದಿಗೂಡು ಎಂದು ಹೆಸರು. ಮಾತಾಡುವ ಪರದೆಗಳೆಲ್ಲ ಜನರಿಗೆ ಸಾಕಾಗಿ ಮೂಲೆ ಸೇರಿದ ಮೇಲೆ ಕಾಗದ ಮತ್ತೆ ಬಂತು. ಈಗ ಓಣಿಗೊಂದು ಪತ್ರಿಕೆ, ಬರೆಯುವವರು ಒಬ್ಬರೇ, ಪುಟವೂ ಒಂದೇ. ಗೂಡಿಗೆ ಎರಡು ಬಾಯಿ. ಬೆಳಿಗ್ಗೆ ಮೇಲಿನ ಬಾಯಿಂದ ಹಾಳೆ ತೆಗೆದುಕೊಂಡು ಓದಬೇಕು, ಸಂಜೆಯೊಳಗೆ ಕೆಳಗಿನ ಬಾಯಿಗೆ ಹಾಕಬೇಕು. ಹಾಕಿದ ಹಾಳೆಯ ಮಸಿ ತೊಳೆದು, ಹಗ್ಗದ ಮೇಲೆ ಒಣಗಿಸಿ, ಮರುದಿನ ಅದರ ಮೇಲೇ ಅಚ್ಚು ಹಾಕುತ್ತಾರೆ. ಸಾರು ಚೆಲ್ಲಿದ ಹಾಳೆ ಬಂದರೆ ಯಾರ ಮನೆಯದೆಂದು ಇಡೀ ಓಣಿಗೆ ಗೊತ್ತಾಗುತ್ತದೆ.

ಈ ಗೂಡುಗಳನ್ನೆಲ್ಲ ನಾವು ನಿಲ್ಲಿಸುವುದು ನಿಮ್ಮ ನಿಯಮಾವಳಿಯ ಪ್ರಕಾರ. ನಿಮ್ಮ ಕೈಬರಹದ ಒಂದೇ ಪ್ರತಿ ಉಳಿದಿದೆ. ಹೆಸರಿಲ್ಲ, ಸಹಿಯಿಲ್ಲ. ಆದರೂ ನಿಮ್ಮ ಪರಿಚಯ ನನಗೆ ಚೆನ್ನಾಗಿದೆ. ಪೆಟ್ಟಿಗೆಯನ್ನು ಮರಕ್ಕೆ ಕಟ್ಟಬಾರದು, ಬಸ್ಸಿಗೆ ಕಾಯುವವರ ಮೊಣಕಾಲಿಗೆ ತಾಗಬಾರದು, ಬಾಗಿಲು ಕೂತವರ ಕೈಗೂ ಎಟಕುವಂತಿರಬೇಕು ಎಂದೆಲ್ಲ ಬರೆದಿದ್ದೀರಿ. ನೀವು ಒಳ್ಳೆಯವರು. ಮೂರನೆಯ ನಿಯಮದಲ್ಲಿ, ಪೆಟ್ಟಿಗೆಯ ಮೇಲೆ ಹೆಲ್ಮೆಟ್ಟು, ಕೈಚೀಲ, ಚಹಾದ ಗ್ಲಾಸು ಇಡತಕ್ಕದ್ದಲ್ಲ ಎಂದಿದ್ದೀರಿ. ಹಾಗೆಂದು ಬರೆದವರೇ ಏಳನೆಯ ನಿಯಮದ ಮೇಲೆ ಗ್ಲಾಸು ಇಟ್ಟಿದ್ದೀರಿ. ಆ ದುಂಡನೆಯ ಕಲೆ ಇನ್ನೂ ಹಾಗೇ ಇದೆ.

ಆ ನಿಯಮದಲ್ಲಿ ಈಗ ಓದಲು ಸಿಗುವುದು ಇಷ್ಟೇ: ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು. ಎರಡು ಏನು ಎಂಬುದನ್ನು ಚಹಾ ನುಂಗಿದೆ. ನಮ್ಮ ಹಿರಿಯರು ವರ್ಷಗಟ್ಟಲೆ ಜಗಳಾಡಿದರಂತೆ. ಎರಡು ಮೀಟರ್ ಎಂದರೆ ನಮ್ಮ ಓಣಿಗಳಲ್ಲಿ ಪೆಟ್ಟಿಗೆ ಚರಂಡಿಯಲ್ಲಿ ನಿಲ್ಲಬೇಕು. ಎರಡು ಅಡಿ ಎಂದರೆ ದಪ್ಪಗಿದ್ದವರು ಅಡ್ಡಡ್ಡ ನಡೆಯಬೇಕು. ಕೊನೆಗೆ ಯಾರೋ ಎರಡು ಮೊಳ ಎಂದರು. ಅಲ್ಲೇ ಹೂವಿನವಳು ಕೂತಿದ್ದಳು, ಅವಳ ಕೈಯಿಂದಲೇ ಅಳೆಸಿದರು. ಅಂದಿನಿಂದ ಅದೇ ಪದ್ಧತಿ. ಹತ್ತಿರ ಕೂತ ಹೂಗಾರ್ತಿ ಮೊಳ ಹಾಕಬೇಕು, ಮೇಲ್ವಿಚಾರಕಿ ಸುಣ್ಣದಿಂದ ಗೆರೆ ಎಳೆದು ಗೂಡು ನಿಲ್ಲಿಸಬೇಕು. ಪತ್ರಿಕೆಯವರು ಗೂಡನ್ನು ಮುಟ್ಟುವಂತಿಲ್ಲ. ನನ್ನ ಇಪ್ಪತ್ತಾರು ವರ್ಷಗಳಲ್ಲಿ ಪೇಟೆಯ ಗೂಡುಗಳಿಗೆಲ್ಲ ಮೊಳ ಹಾಕಿದವಳು ಮಾಬೂಬಿ. ಅವಳ ಕೈಯ ಬಗ್ಗೆ ಯಾರೂ ಎಂದೂ ತಕರಾರು ತೆಗೆದವರಲ್ಲ.

ಹೋದ ತಿಂಗಳು ತಕರಾರು ಬಂತು. ಗಿರಣಿ ಓಣಿಯ ಕಸ್ತೂರೆವ್ವ ಗಾಲಿಕುರ್ಚಿಯಲ್ಲಿ ಓಡಾಡುವ ಮುದುಕಿ. ಅವಳು ನನ್ನ ಕಚೇರಿಗೆ ಬಂದು ಹೇಳಿದಳು: "ಗೂಡಿನ ಮ್ಯಾಲ ನಂದೇನೂ ಸಿಟ್ಟಿಲ್ರೀ ಅಕ್ಕಾರ. ಸುದ್ದಿ ಆ ಕಡೆ ಐತಿ, ನಾ ಈ ಕಡೆ ಅದೀನಿ. ನಡುವ ಗಾಲಿ ಸಿಕ್ಕೊಂಡ ಬಿಡ್ತೈತಿ." ಆ ಗೂಡು ಗುರುಪಾದಪ್ಪ ಅಸುಂಡಿಯವರದು. ಎಪ್ಪತ್ತೆಂಟರ ಹಿರಿಯರು, ಹೆಂಡತಿ ತೀರಿದ ಮೇಲೆ ಪತ್ರಿಕೆಗಾಗಿಯೇ ಬೆಳಿಗ್ಗೆ ಏಳುವವರು. ಯಾರ ಜ್ವರ ಇಳಿಯಿತು, ಯಾವ ನಲ್ಲಿಯಲ್ಲಿ ನೀರು ಬಂತು, ಇಂಥವೇ ಸುದ್ದಿ. ಅವರ ಎಲ್ಲರಿಗಿಂತ ನಿಷ್ಠೆಯ ಓದುಗಾರ್ತಿ ಇದೇ ಕಸ್ತೂರೆವ್ವ. ಪತ್ರಿಕೆ ಬೇಕೆಂದೇ ಅವಳು ದೂರು ಕೊಟ್ಟಿದ್ದಳು. ಎಂಟನೆಯ ನಿಯಮ ಅವಳಿಗೆ ಗೊತ್ತಿರಲಿಲ್ಲ.

ನಿಮಗೆ ಗೊತ್ತಿದೆ. ಅಂತರ ಬಿಡದೆ ಪೆಟ್ಟಿಗೆ ನಿಲ್ಲಿಸಿದವರನ್ನು ಕಾಲುದಾರಿಯಿಂದ ಎತ್ತಿಸತಕ್ಕದ್ದು, ಅವರಿಗೆ ಮತ್ತೆಂದೂ ಸ್ಥಳ ಕೊಡತಕ್ಕದ್ದಲ್ಲ. ಅದರ ಮೇಲೆ ಒಂದು ಹನಿಯೂ ಬಿದ್ದಿಲ್ಲ, ಒಂದೊಂದು ಅಕ್ಷರವೂ ನಿಚ್ಚಳವಾಗಿದೆ. ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಆ ದಿನ ಮಾತ್ರ.

ಅಳತೆಗೆಂದು ಮಾಬೂಬಿಯನ್ನು ಕರೆದುಕೊಂಡು ಹೋದೆ. ಓಣಿಯವರೆಲ್ಲ ಸುತ್ತ ನಿಂತಿದ್ದರು. ಗುರುಪಾದಪ್ಪನವರು ಕೈಯಲ್ಲಿ ಅಚ್ಚಿನ ಮಸಿ ಹಾಗೇ ಇಟ್ಟುಕೊಂಡು ಬಂದರು. "ತಪ್ಪಿದ್ರ ಒಯ್ರಿ ಅಕ್ಕಾರ," ಎಂದರು. "ನಾಳಿನ ಹಾಳಿ ಒಂದ ಹಾಕ್ತೀನಿ. ಕಸ್ತೂರೆವ್ವನ ಬೆಕ್ಕು ಎಷ್ಟ ಮರಿ ಹಾಕೇತಿ ಅನ್ನೂದ ಬರಿಯೂದ ಉಳದೈತಿ." ಕಸ್ತೂರೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾಬೂಬಿ ಎರಡು ಮೊಳ ಹಾಕಿದಳು, ಸರಿಯಾಗಿ ಗೂಡಿಗೆ ಮುಟ್ಟಿತು. ಆದರೆ ಕುರ್ಚಿ ಮಾತ್ರ ನಮ್ಮೆಲ್ಲರ ಕಣ್ಣೆದುರೇ ಸಿಕ್ಕಿಕೊಂಡಿತು. ಮತ್ತೊಮ್ಮೆ ಅಳೆಸಿದಾಗ ನಾನು ನೋಡಿದೆ: ಮಾಬೂಬಿಯ ಕೈ ಮೊಣಕೈಯಿಂದ ಹೊರಟು ಬೆರಳ ತುದಿಗೆ ಬರುವ ಮೊದಲೇ, ಆರು ಬೆರಳು ಹಿಂದೆ, ಚುರುಕಾಗಿ ಮಡಚಿಕೊಳ್ಳುತ್ತಿತ್ತು. ಸಂಜೆ ಮಲ್ಲಿಗೆ ಮಾರುವಾಗ ಎಲ್ಲರೂ ಕಂಡು ನಕ್ಕು ಸುಮ್ಮನಾಗುವ ಕೈಚಳಕ ಅದು. ನಾನೇ ಎಷ್ಟು ಸಲ ಕಂಡಿದ್ದೇನೆ!

ಮೆಲ್ಲಗೆ ಕೇಳಿದೆ. ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಹೂವಿನ ಮೊಳ ಬ್ಯಾರೆ, ಮನಶ್ಯಾರ ಮೊಳ ಬ್ಯಾರೆ ಇರ್ತೈತ್ರೀ ಅಕ್ಕಾರ. ಯಾವ್ದ ಬೇಕಂತ ನೀವು ಒಮ್ಮಿನೂ ಹೇಳ್ಲಿಲ್ಲ. ದಿನಾ ಹಾಕೂದ ಹಾಕೀನಿ." ಆಮೇಲೆ ಮನುಷ್ಯರ ಮೊಳ ಹಾಕಿ ತೋರಿಸಿದಳು. ಸರಿಯಾಗಿ ಒಂದು ಗೇಣು ಕಡಿಮೆ ಬಿದ್ದಿತ್ತು. ಅಲ್ಲಿಗೆ ಆ ಗೂಡೊಂದೇ ಅಲ್ಲ, ಪೇಟೆಯ ಗೂಡುಗಳೆಲ್ಲ ತಪ್ಪು ಜಾಗದಲ್ಲಿದ್ದವು.

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮನೆಯ ಪಡಸಾಲೆಯಲ್ಲಿ ಅರಿಶಿನ ಬಣ್ಣ ಬಳಿದ ಹೊಸ ಗೂಡೊಂದು ಕೂತಿತ್ತು ಎಂದು ನಿಮಗೆ ಹೇಳಬೇಕು. ಎರಡು ತಿಂಗಳಲ್ಲಿ ನಾನು ನಿವೃತ್ತಳಾಗುವವಳಿದ್ದೆ. ಆಮೇಲೆ ತರಬೇಕೆಂದಿದ್ದ ನನ್ನದೇ ಪತ್ರಿಕೆಗೆ ಹೆಸರೂ ಇಟ್ಟಿದ್ದೆ, ಮೊದಲ ಪುಟ ಬರೆದು ಮಡಚಿಟ್ಟಿದ್ದೆ. ಇಪ್ಪತ್ತಾರು ವರ್ಷ ಬೇರೆಯವರ ಗೂಡಿಗೆ ಗೆರೆ ಎಳೆಯುತ್ತ ನಾನು ಕಂಡ ಕನಸು ಅದೊಂದೇ. ಆದರೆ ನಿಯಮ ಹೇಳುವುದು ಪೆಟ್ಟಿಗೆ ನಿಲ್ಲಿಸಿದವರ ಬಗ್ಗೆ. ಗುರುಪಾದಪ್ಪನವರು ಗೂಡನ್ನು ನಿಲ್ಲಿಸಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ಎಲ್ಲವನ್ನೂ ನಿಲ್ಲಿಸಿದವಳು ನಾನು. ತಪ್ಪಿತಸ್ಥರ ಹೆಸರು ಬರೆಯುವಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. ಸುಳ್ಳೇಕೆ ಹೇಳಲಿ, ಮನೆಗೆ ಹೋಗಿ ಇನ್ನೆಂದೂ ಕಾಲುದಾರಿ ಕಾಣದ ಆ ಹಳದಿ ಗೂಡಿನ ಮುಂದೆ ಕೂತು ಅತ್ತೆ.

ಮರುದಿನದಿಂದ ಓಣಿಯವರೇ ಕೈಹಾಕಿ ಗೂಡುಗಳನ್ನೆಲ್ಲ ಒಂದೊಂದು ಗೇಣು ಸರಿಸಿಕೊಟ್ಟರು. ಕಸ್ತೂರೆವ್ವನ ಕುರ್ಚಿ ಸರಾಗವಾಗಿ ಹೋಗುತ್ತದೆ. ಬೆಕ್ಕು ಐದು ಮರಿ ಹಾಕಿತ್ತು. ನನ್ನ ಗೂಡನ್ನು ಮಾಬೂಬಿ ಕೇಳಿ ಪಡೆದಳು, ಹೂವು ಬಾಡದಂತೆ ಅದರಲ್ಲಿಡುತ್ತಾಳೆ. ಹೂವಿನ ಪೆಟ್ಟಿಗೆಗೆ ನಿಮ್ಮ ನಿಯಮ ಅನ್ವಯಿಸುವುದಿಲ್ಲ, ನಾನು ಎರಡೆರಡು ಸಲ ಓದಿ ನೋಡಿದ್ದೇನೆ. ಗುರುಪಾದಪ್ಪನವರು ಒಂದು ಬೆಳಿಗ್ಗೆ ಬಂದು, ಅವರ ಹಾಳೆಯ ಹಿಂಬದಿ ಇಷ್ಟು ವರ್ಷ ಖಾಲಿಯೇ ಹೋಗುತ್ತಿದೆ ಎಂದು ಹೇಳಿ, ಚಹಾ ಕುಡಿದು ಎದ್ದುಹೋದರು. ನೀವು ಓದುತ್ತಿರುವುದು ಆ ಹಿಂಬದಿಯನ್ನು. ಮಗುಚಿ ನೋಡಿದರೆ ಈ ಹೊತ್ತಿನ ನಲ್ಲಿಯ ಸುದ್ದಿ ಸಿಗುತ್ತದೆ.

ಗ್ಲಾಸನ್ನು ಸ್ವಲ್ಪ ಆಚೆ ಇಡಿ ಎಂದು ಕೇಳಿಕೊಳ್ಳಲು ಈ ಪತ್ರ ಶುರುಮಾಡಿದ್ದೆ. ಈಗ ಹಾಗೆ ಕೇಳಲಾರೆ. ಅದು ಅಲ್ಲೇ ಇರಲಿ. ನೀವು ಎರಡರ ಮುಂದೆ ಬರೆದದ್ದು ಓದಲು ಸಿಕ್ಕಿದ್ದರೆ, ನಾವು ಕಾಲುದಾರಿಯಲ್ಲಿ ಕೂತವಳ ಕೈ ಹಿಡಿದು ಅಳೆಯುತ್ತಿರಲಿಲ್ಲ. ಕೇಳಿಕೊಳ್ಳುವುದು ಇಷ್ಟೇ: ಏಳನೆಯದನ್ನು ಮುಗಿಸಿ ಎಂಟನೆಯದನ್ನು ಬರೆದಾದ ಮೇಲೆ, ಮತ್ತೊಂದು ಗ್ಲಾಸು ಚಹಾ ತರಿಸಿ. ತುಂಬ ಹುಷಾರಾಗಿ ಇಡಬೇಡಿ.

ನಿಮ್ಮ,
ನೀಲಗಂಗಾ