ಇಂಜಿನ್ ಕೂತ ಜಾಗ

ಚಾಮರಾಜಪೇಟೆ, ಬೆಂಗಳೂರು
13-11-2024, ಬುಧವಾರ

ಪ್ರೀತಿಯ ಅಕ್ಕಾ,

ಕಣ್ಣು ಹೇಗಿದೆ? ಆಪರೇಷನ್ ಆಗಿ ಇಪ್ಪತ್ತು ದಿನವಾಯಿತು. ಡ್ರಾಪ್ಸ್ ತಪ್ಪಿಸಬೇಡ, ಹೊಗೆಯ ಹತ್ತಿರ ಹೋಗಬೇಡ. ಮಾಲೂರಿನ ಚಳಿಗೆ ಕಾಲು ಸೆಳೆಯುತ್ತಿದೆಯಾ? ನಿನ್ನ ಕಾಲಿನ ಬಗ್ಗೆ ಕೇಳುವುದಕ್ಕೇ ಈ ಸಲ ನನಗೆ ನಾಚಿಕೆ. ಫೋನ್ ಮಾಡಬಹುದಿತ್ತು, ಮಾಡಿದರೆ "ಬಿಡೋ ಅತ್ಲಾಗೆ, ಊಟ ಆಯ್ತಾ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ನಿನ್ನ ಮಗಳೇ ಇದನ್ನು ಓದಿ ಹೇಳಬೇಕಾಗುತ್ತದೆ. ರುದ್ರಾಣಿ, ತಾಯಿ, ಒಂದು ಸಾಲನ್ನೂ ನುಂಗಬೇಡ. ಮಾವನ ಮಾನ ಹೋಗುತ್ತದೆ ಅನ್ನಿಸಿದ ಕಡೆ ಇನ್ನೂ ಗಟ್ಟಿಯಾಗಿ ಓದು.

ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಶೀನಣ್ಣ ಸಿಕ್ಕಿದ್ದರು. ಎನ್.ಆರ್. ಕಾಲೋನಿಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಮನೆಯ ಹುಡುಗ. ಹುಡುಗ ಎಲ್ಲಿ ಬಂತು, ನನಗಿಂತ ಒಂದು ವರ್ಷ ದೊಡ್ಡವರು, ಬೆನ್ನು ಬಾಗಿದೆ. "ಮುನಿರಾಜು, ಅಟ್ಟ ಖಾಲಿ ಮಾಡಿಸ್ದೆ ಕಣಪ್ಪಾ. ಆ ಕೆಂಪು ಕಾರು ಇನ್ನೂ ಇದೆ. ನಿನ್ ಮೊಮ್ಮಗಳಿಗೆ ಆಗುತ್ತೇನೋ ನೋಡು" ಅಂದರು. ಅವರು ಇವತ್ತಿಗೂ ನನಗೆ ನೀನು ಅನ್ನುತ್ತಾರೆ, ನಾನು ಇವತ್ತಿಗೂ ಅವರಿಗೆ ನೀವು ಅನ್ನುತ್ತೇನೆ. ಅದರ ಮೇಲೆ ಬೇರೆ ಕಾಗದವನ್ನೇ ಬರೆಯಬಹುದು, ಇವತ್ತು ಬೇಡ. ಕಾರನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. ಅದೇ ತಗಡಿನ ಆಟದ ಕಾರು. ಆ ಕಾಲಕ್ಕೇ ಅದರ ಪೆಡಲ್ ಮುರಿದಿತ್ತಲ್ಲ, ಹಿಂದಿನಿಂದ ಯಾರಾದರೂ ತಳ್ಳಿದರೆ ಮಾತ್ರ ಓಡುತ್ತಿತ್ತು. ನಮ್ಮ ಲಾವಣ್ಯಾಳ ಮಗಳು ಧನುಶ್ರೀಗೆ ಈಗ ಏಳು ವರ್ಷ. ನನ್ನ ಮೊಮ್ಮಗಳ ಕಾರನ್ನು ಈ ಭೂಮಿಯ ಮೇಲೆ ಯಾರೂ ತಳ್ಳಕೂಡದು ಎಂದು ಮನೆಯವರ ಮುಂದೆ ಭಾಷಣ ಬಿಗಿದೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವನಿಗೆ ಅದೇನು ಮಹಾ! ಗುಜರಿಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಪುಟ್ಟ ಪೆಟ್ರೋಲ್ ಇಂಜಿನ್ ಸಿಕ್ಕಿತು. ಹಿಂದಿನ ಅಚ್ಚಿಗೆ ಸೈಕಲ್ ಚೈನು ಹಾಕಿದೆ. ಎಲ್ಲ ಮುಗಿದ ಮೇಲೆ ನೆನಪಾಯಿತು, ಬ್ರೇಕ್ ಇಲ್ಲ. ಓಡಿಸುವುದೊಂದೇ ತಲೆಯಲ್ಲಿತ್ತು. ಆಮೇಲೆ ಸೈಕಲ್ಲಿನ ಬ್ರೇಕು ಕಟ್ಟಿದೆ.

ಆದರೆ ಅಕ್ಕಾ, ಆ ಇಂಜಿನ್ ಕೂರಿಸುವುದೆಲ್ಲಿ? ಮುಂದೆ ಮಗುವಿನ ಕಾಲು ಬರುತ್ತದೆ, ಸೀಟಿನ ಕೆಳಗೆ ಜಾಗವಿಲ್ಲ. ಹಿಂದೆಯೇ ಕೂರಬೇಕು. ಹಿಂದಿನ ತಗಡು ಕೊಯ್ಯಲು ಮಂಡಿಯೂರಿದಾಗ ಆ ಅಂಚು ಕಂಡಿತು. ನಿನ್ನ ಎಡಗಾಲಿನ ಹೆಬ್ಬೆರಳು ತೆಗೆದ ಅಂಚು. ನೀನು ನಿಂತು ತಳ್ಳಿದ ಜಾಗದಲ್ಲೇ ಇಂಜಿನ್ ಕೂತಿತು.

ಇನ್ನು ರುದ್ರಾಣಿಗೆ ಗೊತ್ತಿಲ್ಲದ್ದು. ಆ ದಿನ ಆ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಶೀನಣ್ಣ ಊರಲ್ಲೇ ಇರಲಿಲ್ಲ. ಅಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಕಾರನ್ನು ರಸ್ತೆಗೆ ಎಳೆದವನು ನಾನು, ಅದರಲ್ಲಿ ಕೂತವನು ನಾನು. ಒಂಬತ್ತು ವರ್ಷದ ದೊರೆ! "ಇನ್ನೂ ಜೋರಾಗಿ ತಳ್ಳಕ್ಕಾ" ಎಂದು ಅರಚಿದೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ತಗುಲಿ ಕಾರು ಗಕ್ಕನೆ ನಿಂತಿತು. ಓಡಿ ಬರುತ್ತಿದ್ದ ನಿನ್ನ ಬರಿಗಾಲು ತಗಡಿನ ಅಡಿಗೆ ಹೋಯಿತು. ನಾನು ಮೊದಲು ಕೇಳಿದ್ದು ಏನು ಗೊತ್ತಾ? "ಕಾರ್ ಡೊಂಕಾಯ್ತಾ ನೋಡಕ್ಕಾ." ನಿನ್ನ ಏಳನೇ ಕ್ಲಾಸು ಅಲ್ಲಿಗೇ ನಿಂತಿತು. ಕುಂಟುತ್ತಲೇ ಮಾರ್ಕೆಟ್ಟಿನಿಂದ ಸೊಪ್ಪಿನ ಮಂಕರಿ ಹೊತ್ತೆ, ಕೂಗಿ ಮಾರಿದೆ, ನನ್ನನ್ನು ಓದಿಸಿದೆ.

ಆ ಓದಿನಿಂದ ನಾನು ಮಾಡಿದ ಘನಕಾರ್ಯ ಇದು: ಇಪ್ಪತ್ತರ ವಯಸ್ಸಿನಲ್ಲಿ ನಮ್ಮ ಸಂಘಟನೆಯ ಸಭೆಯಲ್ಲಿ ಮೊದಲ ಸಲ ಮೈಕ್ ಹಿಡಿದಾಗ ನಾಲಿಗೆ ಒಣಗಿತು. ಒಣಗಿದ ನಾಲಿಗೆಗೆ ನಿನ್ನ ಕಾಲು ಸಿಕ್ಕಿತು. "ಧಣಿಯ ಮಗ ಕಾರಿನಲ್ಲಿ ಕೂತ, ನನ್ನ ಅಕ್ಕ ತಳ್ಳಿದಳು, ಅವಳ ಹೆಬ್ಬೆರಳು ಹೋಯಿತು" ಅಂದೆ. ಚಪ್ಪಾಳೆ ಬಿತ್ತು ನೋಡು, ಅದರ ರುಚಿ ಬಿಡಲಿಲ್ಲ. ನಲವತ್ತೈದು ವರ್ಷ ಸಭೆಸಭೆಯಲ್ಲಿ ನಿನ್ನ ಕಾಲನ್ನು ಮಾರಿಕೊಂಡೆ. ಒಂದು ಸಲ ನೀನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದೆ. ಆಗಲೂ ಅದೇ ಕಥೆ ಹೇಳಿದೆ. ಮನೆಗೆ ನಡೆಯುವಾಗ ನೀನು ಅಂದದ್ದು ಇಷ್ಟೇ: "ಚೆನ್ನಾಗ್ ಮಾತಾಡ್ದೆ ಕಣೋ. ಗಂಟಲು ಕಟ್ಟಿದೆ, ಬಿಸಿನೀರು ಕುಡಿ." ಅದನ್ನು ನಾನು ಒಪ್ಪಿಗೆ ಅಂದುಕೊಂಡೆ. ಅನುಕೂಲವಾಗಿತ್ತು, ಅಂದುಕೊಂಡೆ.

ಆ ಮನೆಯನ್ನು ನಾನು ಸುಣ್ಣ ಬಳಿದು ಬಿಳಿ ಮಾಡುತ್ತಿಲ್ಲ. ಹಿತ್ತಲ ಬಾಗಿಲು ನಿಜ. ಅಮ್ಮನಿಗೆಂದೇ ಇದ್ದ ಬೇರೆ ಲೋಟ, ಅದನ್ನು ಅವಳೇ ತೊಳೆದು ಕಿಟಕಿಯ ಮೇಲೆ ಕವುಚಬೇಕಾಗಿದ್ದದ್ದು ನಿಜ. ನಿನ್ನ ಕಾಲಿನಿಂದ ರಕ್ತ ಸುರಿದ ಮರುದಿನ "ಇನ್ಮೇಲೆ ಮಕ್ಕಳನ್ನ ಕರ್ಕೊಂಡ್ ಬರ್ಬೇಡ" ಅಂದದ್ದೂ ನಿಜ. ಇಷ್ಟು ನಿಜ ಕೈಯಲ್ಲಿದ್ದಾಗ ನನಗೆ ಸುಳ್ಳು ಯಾಕೆ ಬೇಕಾಯಿತು? ನಿಜವನ್ನೇ ಹೇಳಿದ್ದರೆ ನಾನೂ ಅದರೊಳಗೆ ಬರುತ್ತಿದ್ದೆ. ತಳ್ಳಿಸಿಕೊಳ್ಳುವ ಸುಖ ನನ್ನೊಳಗೂ ಇತ್ತು ಎನ್ನಬೇಕಿತ್ತು. ಆ ಧೈರ್ಯ ನನಗಿರಲಿಲ್ಲ.

ಹೋದ ಭಾನುವಾರ ನಮ್ಮ ಬೀದಿಯಲ್ಲಿ ಕಾರಿನ ಪರೀಕ್ಷೆ. ನೋಡಲು ಶೀನಣ್ಣನೂ ಬಂದಿದ್ದರು. ಧನುಶ್ರೀ ಸ್ಟೀರಿಂಗ್ ಹಿಡಿದು ಕೂತಳು. ಅವಳೂ ಆ ಕಥೆ ಕೇಳಿಯೇ ಬೆಳೆದವಳು. ಶೀನಣ್ಣನನ್ನು ಮೇಲಿಂದ ಕೆಳಗೆ ನೋಡಿ, "ದೊಡ್ಡಜ್ಜಿ ಕಾಲಿಗೆ ಕಾರ್ ಹತ್ತಿಸಿದ ಕೆಟ್ಟ ಹುಡುಗ ನೀವೇನಾ ತಾತ?" ಅಂದುಬಿಟ್ಟಳು. ಲಾವಣ್ಯಾ ಬಾಯಿ ಮುಚ್ಚಿಕೊಂಡಳು. ಶೀನಣ್ಣ ನನ್ನ ಮುಖ ನೋಡಿದರು. ಅಕ್ಕಾ, ಆಗ ನಾನು ಏನು ಮಾಡಿದೆ ಗೊತ್ತಾ? ಬಗ್ಗಿ ಇಂಜಿನ್ನಿನ ಹಗ್ಗ ಎಳೆದೆ. ಭರ್ರೆಂದು ಸದ್ದು ಎದ್ದಿತು, ಮಗುವಿನ ಪ್ರಶ್ನೆ ಮುಳುಗಿಹೋಯಿತು. ಕಾರು ಚೆನ್ನಾಗಿಯೇ ಓಡಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಹೊರಡುವಾಗ ಶೀನಣ್ಣ, "ಬ್ರೇಕು ಇನ್ನೊಂದ್ಸಲ ನೋಡ್ಬಿಡಪ್ಪಾ, ಮಗು ಕೂತ್ಕೊಳ್ಳುತ್ತೆ" ಎಂದರು. ಒಂದು ಏಟು ಹೊಡೆದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಸೋಮವಾರ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. "ಅದನ್ನ ನನ್ಗೆ ಹೇಳಿ ಏನ್ ಪ್ರಯೋಜನ? ನನ್ನೊಬ್ಬನ ಮುಂದೆ ಹೇಳಿದ ಸುಳ್ಳೇನಪ್ಪಾ ಅದು?" ಎಂದರು. ಸರಿಯಾದ ಮಾತು. ಧನುಶ್ರೀಗೂ ಹೇಳಿದೆ. ಅವಳು ಎರಡು ದಿನದಿಂದ ಕಾರು ಹತ್ತಿಲ್ಲ, ನನ್ನ ಜೊತೆ ಮಾತೂ ಇಲ್ಲ.

ನಿನ್ನಲ್ಲಿ ಕ್ಷಮೆ ಕೇಳುತ್ತಿಲ್ಲ. ನೀನು ಕೊಟ್ಟುಬಿಡುತ್ತೀಯ, ನನಗೆ ಅದೂ ಅನುಕೂಲವಾಗಿಬಿಡುತ್ತದೆ. ಕಣ್ಣು ಜೋಪಾನ. ರುದ್ರಾಣಿಗೂ ಮಕ್ಕಳಿಗೂ ಒಳ್ಳೆಯದಾಗಲಿ.

ನೀನು ಬೆಳೆಸಿದ ತಮ್ಮ,
ಮುನಿರಾಜು

ಕವರ್ ಅಂಟಿಸುವ ಮೊದಲು ಇದೊಂದು: ಬರುವ ಭಾನುವಾರ ಸಂಘಟನೆಯವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಏರ್ಪಾಡು ನೋಡಿಕೊಳ್ಳುತ್ತಿರುವ ನಂದೀಶ್, "ಅಕ್ಕನ್ನ ಸ್ಟೇಜಿಗೇ ಕರ್ಕೊಂಬರೋಣ ಸಾರ್, ಜನ ಆ ಕಾಲು ನೋಡ್ಲಿ" ಅಂದಿದ್ದಾನೆ. ಬೆಳಿಗ್ಗೆ ಗಾಡಿ ಕಳಿಸುತ್ತಾನೆ. ಬಾ, ಆದರೆ ಸ್ಟೇಜು ಹತ್ತಬೇಡ, ಯಾರು ಕೇಳಿದರೂ ಚಪ್ಪಲಿ ಬಿಚ್ಚಬೇಡ. ಮುಂದಿನ ಸಾಲಿನಲ್ಲಿ ಕೂರು, ಪಕ್ಕದ ಕುರ್ಚಿ ಶೀನಣ್ಣನದು. ನಿಜ ಹೇಳುತ್ತೇನೆ ಎಂದೇ ಮೈಕ್ ಹಿಡಿಯುತ್ತೇನೆ; ಆದರೆ ಜನ ಕಂಡರೆ ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿಲ್ಲ. ಹಳೇ ಕಥೆಗೆ ಹೊರಳಿದೆನೋ, ಎದ್ದು ನಿಂತು "ಕಾರಲ್ಲಿ ಕೂತಿದ್ದೋನು ನೀನು ಕಣೋ ಮುನಿರಾಜು" ಎಂದು ಕೂಗಿಬಿಡು. ನಿನಗೆ ಮೈಕು ಬೇಡ. ಮಾರ್ಕೆಟ್ಟಿನಲ್ಲಿ ಸೊಪ್ಪು ಕೂಗಿದ ಗಂಟಲು ನಿನ್ನದು.